ಶಾಪದ ಫೈಲ್, ದೆವ್ವದ ವೀಡಿಯೊ: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಊರಿಗೆ ಇನ್ನೂ ಬಿಜಾಪುರ ಅಂತ ಹೆಸರಿದ್ದಾಗ ಇದೇ ಜಾಗದಲ್ಲಿ ಸೈಬರ್ ಕೆಫೆ ನಡೆಸುತ್ತಿದ್ದೆ. ಗಂಟೆಗೆ ಇಪ್ಪತ್ತು ರೂಪಾಯಿ, ಪ್ಲೈವುಡ್ಡಿನ ಆರು ಕ್ಯಾಬಿನ್, ಕರೆಂಟ್ ಹೋದರೆ ಎಲ್ಲರಿಗೂ ಹತ್ತು ನಿಮಿಷ ಫ್ರೀ. ಆಗಿನಿಂದ ಇವತ್ತಿನ ತನಕ ಜನ ಕೌಂಟರ್ ಮೇಲೆ ಬಗ್ಗಿ, ದನಿ ಇಳಿಸಿ ಕೇಳುವ ಕೆಲವು ಪ್ರಶ್ನೆಗಳಿವೆ. "ಸರ, ಈ ಫೈಲ್ ತಗದ್ರ ಏನರ ಆಗ್ತದೇನ್ರಿ?" ಅಂತ ಶುರುವಾಗುತ್ತದೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆದಿಟ್ಟಿದ್ದೇನೆ. ಕ್ರಮ ಗಿಮ ಏನಿಲ್ಲ, ನೆನಪಾದ ಹಾಗೆ.

ಶಾಪದ ಫೈಲ್ ಅಂದ್ರೆ ಏನು?

ತೆರೆದರೆ, ನೋಡಿದರೆ ಅಥವಾ ಕೇಳಿದರೆ ಕೇಡಾಗುತ್ತದೆ ಅಂತ ಹೆಸರು ಬಿದ್ದ ಫೈಲ್. ಫೋಟೊ ಇರಬಹುದು, ವೀಡಿಯೊ ಇರಬಹುದು, ಗೇಮ್ ಇರಬಹುದು. ಇಂಥ ಕಥೆಗಳಿಗೆ ಕ್ರೀಪಿಪಾಸ್ತಾ ಅಂತಾರೆ. ತಿನ್ನುವ ಪಾಸ್ತಾಗೂ ಇದಕ್ಕೂ ಸಂಬಂಧ ಇಲ್ಲ. ಒಬ್ಬರು ಬರೆದದ್ದನ್ನು ನೂರು ಜನ ಕಾಪಿ ಪೇಸ್ಟ್ ಮಾಡಿ ಹರಡುತ್ತಿದ್ದರು, ಅದನ್ನು ತಮಾಷೆಗೆ ಕಾಪಿಪಾಸ್ತಾ ಅಂದರು, ಅದರಲ್ಲಿ ಹೆದರಿಸುವಂಥದ್ದು ಕ್ರೀಪಿಪಾಸ್ತಾ ಆಯ್ತು. ಹೀಗೆ ಕಾಪಿ ಆಗುತ್ತಾ ಆಗುತ್ತಾ ಬರೆದವನ ಹೆಸರು ಉದುರಿಹೋಗುತ್ತದೆ. ಹೆಸರು ಉದುರಿದ ಕೂಡಲೇ ಕಥೆ ನಿಜ ಅನ್ನಿಸೋಕೆ ಶುರುವಾಗುತ್ತದೆ. ಗೋಳಗುಮ್ಮಟದ ಮೇಲೆ ಹೋಗಿ ಒಬ್ಬ ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರಳಿ ಕೇಳುತ್ತದಲ್ಲ, ಕೊನೇ ಸದ್ದು ಮಾತ್ರ ಕೇಳಿಸಿಕೊಂಡವನಿಗೆ ತಟ್ಟಿದವ ಯಾರು ಅಂತ ಹೇಗೆ ಗೊತ್ತಾಗಬೇಕು?

ನಗುವ ನಾಯಿಯ ಫೋಟೊ ನೋಡಿಬಿಟ್ಟೆ. ಈಗೇನು ಮಾಡ್ಲಿ?

ಮೊದಲು ಊಟ ಮಾಡಿ. ಆಮೇಲೆ ಮಲಗಿ.

ಸ್ಮೈಲ್ ಡಾಟ್ ಜೆಪಿಜಿ ಅನ್ನೋದು 2008ರ ಸುಮಾರಿಗೆ ಹರಡಿದ ಕಥೆ. ಹಸ್ಕಿ ಜಾತಿಯ ನಾಯಿ, ಬಾಯ್ತುಂಬ ಮನುಷ್ಯರ ಹಲ್ಲು. ನೋಡಿದವರ ಕನಸಲ್ಲಿ ಅದು ಬಂದು ‘ಸುದ್ದಿ ಹಬ್ಬಿಸು’ ಅನ್ನುತ್ತದಂತೆ, ಇನ್ನೊಬ್ಬರಿಗೆ ಫೋಟೊ ತೋರಿಸುವ ತನಕ ಬಿಡುವುದಿಲ್ಲವಂತೆ. ಕಥೆ ಕಟ್ಟಿದವನ ಜಾಣತನ ನೋಡಿ. ಹಂಚು ಅನ್ನುವ ಆಜ್ಞೆಯನ್ನ ಕಥೆಯ ಹೊಟ್ಟೆಯೊಳಗೇ ಇಟ್ಟಿದ್ದಾನೆ. ನೀವು ಹಂಚದೇ ಇದ್ದರೆ ಸಾಯೋದು ಆ ಕಥೆ.

ಪಿಯುಸಿ ಓದುವ ಹುಡುಗನೊಬ್ಬ ಈ ಫೋಟೊ ಹಿಡಿದುಕೊಂಡು ಅಳುಮುಖ ಮಾಡಿ ಬಂದಿದ್ದ. ಅವನ ಎದುರೇ ಅದನ್ನ ಅಂಗಡಿ ಕಂಪ್ಯೂಟರ್‌ಗೆ ವಾಲ್‌ಪೇಪರ್ ಹಾಕಿದೆ, ಒಂದು ವಾರ ಇತ್ತು. ಆ ವಾರ ಗಿರಾಕಿ ಸ್ವಲ್ಪ ಕಡಿಮೆ ಬಂದರು. ಮಳೆ ಇತ್ತು ಅಂದುಕೊಂಡಿದ್ದೇನೆ.

ಗೇಮಿನ ಸಂಗೀತ ಕೇಳಿ ಜಪಾನಿನಲ್ಲಿ ಮಕ್ಕಳು ಸತ್ತದ್ದು ನಿಜವಾ?

ಇಲ್ಲ. ಆದರೆ ಈ ಕಥೆಯ ಪಕ್ಕದಲ್ಲೇ ಒಂದು ನಿಜ ಘಟನೆ ಇದೆ, ಅದಕ್ಕೇ ಇದು ಇಷ್ಟು ಗಟ್ಟಿಯಾಗಿ ನಿಂತಿದೆ.

1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಪೋಕೆಮಾನ್ ಗೇಮ್ ಬಂತು. ಅದರಲ್ಲಿ ಲ್ಯಾವೆಂಡರ್ ಟೌನ್ ಅಂತ ಒಂದು ಊರು, ಸತ್ತ ಪೋಕೆಮಾನ್‌ಗಳ ಗೋರಿ ಇರುವ ಜಾಗ. ಸಂಗೀತವೂ ಒಂಥರಾ ಕಿವಿಗೆ ಚುಚ್ಚುವ ಹಾಗಿದೆ. ಅದನ್ನು ಕೇಳಿ ನೂರಾರು ಮಕ್ಕಳು ಸತ್ತರು ಅಂತ 2010ರ ಹೊತ್ತಿಗೆ ಯಾರೋ ಬರೆದು ಬಿಟ್ಟರು. ಸತ್ತ ಒಂದು ಮಗುವಿನ ದಾಖಲೆಯೂ ಇಲ್ಲ.

ನಿಜವಾಗಿ ನಡೆದದ್ದು 1997ರ ಡಿಸೆಂಬರ್ 16ರಂದು. ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದ ವೇಗದಲ್ಲಿ ಮಿನುಗಿತು. ಟಿವಿ ಮುಂದೆ ಕೂತಿದ್ದ ಸುಮಾರು 685 ಜನರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಜಾಸ್ತಿ ಮಕ್ಕಳೇ. ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. ಕೆಲವರ ಮಿದುಳಿಗೆ ಹೀಗೆ ಮಿನುಗುವ ಬೆಳಕು ಆಗಿಬರುವುದಿಲ್ಲ. ಆ ಕಂತನ್ನು ಮತ್ತೆ ಯಾವತ್ತೂ ತೋರಿಸಲಿಲ್ಲ. ಮನೆಯಲ್ಲಿ ಫಿಟ್ಸ್ ಇರುವ ಮಗು ಇದ್ದರೆ ಇದೊಂದು ವಿಷಯಕ್ಕೆ ನಿಜವಾಗಿಯೂ ಹುಷಾರಾಗಿರಬೇಕು. ಕತ್ತಲ ಕೋಣೆಯಲ್ಲಿ ಟಿವಿಗೆ ಅಂಟಿಕೊಂಡು ಕೂರಿಸಬೇಡಿ.

ಆಡಿದವರಿಗೆ ಹುಚ್ಚು ಹಿಡಿಸುತ್ತಿದ್ದ ಗೇಮ್ ಮಷಿನ್ ಇತ್ತಂತೆ?

ಪಾಲಿಬಿಯಸ್ ಬಗ್ಗೆ ಕೇಳ್ತಿದ್ದೀರಿ. 1981ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಗೇಮ್ ಪಾರ್ಲರ್‌ಗಳಲ್ಲಿ ಇತ್ತು, ಆಡಿದ ಹುಡುಗರಿಗೆ ನಿದ್ದೆಯೇ ಬಾರದ ಹಾಗಾಯಿತು, ಕಪ್ಪು ಕೋಟಿನವರು ಬಂದು ಲೆಕ್ಕ ಬರೆದುಕೊಂಡು ಹೋಗುತ್ತಿದ್ದರು ಅಂತ ಕಥೆ. ಆ ಮಷಿನ್ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ, 1981ರ ಪತ್ರಿಕೆಗಳಲ್ಲೂ ಹೆಸರಿಲ್ಲ. ಆದರೆ ಆ ಕಾಲದಲ್ಲಿ ಅದೇ ಊರಲ್ಲಿ ಗಂಟೆಗಟ್ಟಲೆ ಆಡಿ ಹುಡುಗರು ಕಾಯಿಲೆ ಬಿದ್ದದ್ದು, ಜೂಜಿನ ಅನುಮಾನದಿಂದ ಪಾರ್ಲರ್‌ಗಳ ಮೇಲೆ ದಾಳಿ ಆದದ್ದು ಎರಡೂ ಉಂಟು. ಇಷ್ಟು ಸಾಮಾನು ಸಿಕ್ಕರೆ ಕಥೆ ಕಟ್ಟೋಕೆ ಇನ್ನೇನು ಬೇಕು.

ನಮ್ಮೂರ ಸಾಠ್ ಕಬರ್, ಅಂದ್ರೆ ಅರವತ್ತು ಗೋರಿ, ಹೀಗೇ ಅಲ್ವಾ? ಅಫ್ಜಲ್ ಖಾನ್ ಶಿವಾಜಿ ಮೇಲೆ ಹೋಗುವ ಮುಂಚೆ ತನ್ನ ಬೇಗಂಗಳನ್ನೆಲ್ಲ ಕೊಂದ ಅಂತ ಕಥೆ. ಸಾಲು ಸಾಲು ಗೋರಿಗಳು ಕಣ್ಣಿಗೆ ಕಾಣುತ್ತವೆ. ಗೋರಿ ಕಂಡವರು ಕಥೆಗೆ ಸಾಕ್ಷಿ ಕೇಳುವುದಿಲ್ಲ.

ಸಿ, ಓ, ಎನ್ ಅಂತ ಹೆಸರಿಟ್ಟು ಫೋಲ್ಡರ್ ಮಾಡೋಕೆ ಆಗಲ್ಲ. ಇದು ದೆವ್ವದ ಹೆಸರಾ?

ಕೆಫೆ ಕಾಲದಲ್ಲಿ ದಿನಕ್ಕೆ ಇಬ್ಬರಾದರೂ ಇದನ್ನ ಮಾಡಿ ನೋಡುತ್ತಿದ್ದರು. ‘ಒಬ್ಬ ಭಾರತೀಯ ಕಂಡುಹಿಡಿದ, ಬಿಲ್ ಗೇಟ್ಸ್‌ಗೂ ಉತ್ತರ ಗೊತ್ತಿಲ್ಲ’ ಅಂತ ಇಮೇಲ್ ಬರುತ್ತಿತ್ತು. ಉತ್ತರ ತುಂಬಾ ಸಪ್ಪೆ. ವಿಂಡೋಸ್‌ಗೂ ಮುಂಚಿನ ಹಳೇ ಡಾಸ್ ಕಾಲದಿಂದ ಕಾನ್ ಅಂದ್ರೆ ಕೀಬೋರ್ಡ್ ಮತ್ತು ಪರದೆ, ಪಿಆರ್‌ಎನ್ ಅಂದ್ರೆ ಪ್ರಿಂಟರ್. ಮನೆಯಲ್ಲಿ ಆಗಲೇ ಒಬ್ಬ ಬಸು ಇದ್ದಾನೆ, ಎರಡನೇ ಮಗುವಿಗೂ ಬಸು ಅಂತಿಟ್ಟರೆ ಅವ್ವ ಕೂಗಿದಾಗ ಯಾರು ಓಡಿ ಬರಬೇಕು? ಅದಕ್ಕೇ ವಿಂಡೋಸ್ ಬೇಡ ಅನ್ನುತ್ತದೆ.

ನೋಟ್‌ಪ್ಯಾಡಿನಲ್ಲಿ ಬುಷ್ ಹೆಸರು ಬರೆದರೆ ಅಕ್ಷರ ಮಾಯ ಆಗುತ್ತದಲ್ಲ? ವಿಮಾನದ ನಂಬರ್ ಹಾಕಿದರೆ ತಲೆಬುರುಡೆ ಬರುತ್ತದಲ್ಲ?

ಎರಡೂ ಅದೇ ಕಾಲದ ಫಾರ್ವರ್ಡ್. ‘ಬುಷ್ ಹಿಡ್ ದ ಫ್ಯಾಕ್ಟ್ಸ್’ (ಬುಷ್ ನಿಜ ಮುಚ್ಚಿಟ್ಟರು) ಅಂತ ಇಂಗ್ಲಿಷಿನಲ್ಲಿ ಬರೆದು ಸೇವ್ ಮಾಡಿ ಮತ್ತೆ ತೆರೆದರೆ ಚೀನೀ ಅಕ್ಷರಗಳೋ ಖಾಲಿ ಡಬ್ಬಿಗಳೋ ಕಾಣುತ್ತಿದ್ದವು. ಫೈಲ್ ಯಾವ ಲಿಪಿಯಲ್ಲಿದೆ ಅಂತ ನೋಟ್‌ಪ್ಯಾಡ್ ಅಂದಾಜು ಮಾಡುತ್ತಿತ್ತು, ಅಷ್ಟು ಚಿಕ್ಕ ಸಾಲಿನಲ್ಲಿ ಅಂದಾಜು ತಪ್ಪುತ್ತಿತ್ತು. ಅದೇ ಅಳತೆಯ ಬೇರೆ ಪದ ಹಾಕಿದರೂ ಹಾಗೇ ಆಗುತ್ತಿತ್ತು. ವಿಂಡೋಸ್ ವಿಸ್ಟಾ ಬಂದಾಗ ಸರಿ ಮಾಡಿದರು.

ಇನ್ನು ಕ್ಯೂ 33 ಎನ್‌ವೈ. ವಿಂಗ್‌ಡಿಂಗ್ಸ್ ಫಾಂಟ್‌ನಲ್ಲಿ ಇದನ್ನ ಹಾಕಿದರೆ ವಿಮಾನ, ಕಟ್ಟಡದ ಹಾಗೆ ಕಾಣುವ ಎರಡು ಕಾಗದ, ಬುರುಡೆ, ನಕ್ಷತ್ರ ಬರುತ್ತವೆ. ನ್ಯೂಯಾರ್ಕಿನ ಗೋಪುರಕ್ಕೆ ಬಡಿದ ವಿಮಾನದ ನಂಬರ್ ಇದು ಅಂತ ಸುದ್ದಿ. ಬಡಿದ ವಿಮಾನಗಳ ನಂಬರ್ 11 ಮತ್ತು 175. ಬೇಕಾದ ಚಿತ್ರ ಬರುವ ಹಾಗೆ ಯಾರೋ ಅಕ್ಷರ ಹುಡುಕಿ ಜೋಡಿಸಿದ್ದಾರೆ, ಮುಗೀತು.

ಹಾಗಾದ್ರೆ ಫೋಟೊ, ಹಾಡಿನಿಂದ ಏನೂ ಆಗೋದೇ ಇಲ್ವಾ?

ಈ ಪ್ರಶ್ನೆಗೆ ಕಾಯುತ್ತಿದ್ದೆ. ಮನುಷ್ಯರಿಗೆ ಏನಾಗಲ್ಲ, ಮಷಿನ್‌ಗೆ ಆಗುತ್ತದೆ! ಭೂತದ ಕಥೆಗಿಂತ ಇದೇ ನನಗೆ ಇಷ್ಟ.

2020ರಲ್ಲಿ ಒಂದು ಫೋಟೊ ಹರಡಿತು. ಅಮೆರಿಕದ ಒಂದು ಕೆರೆ, ಸಂಜೆ ಬೆಳಕು, ಹಿಂದೆ ಬೆಟ್ಟ, ನೋಡೋಕೆ ಬಹಳ ಚಂದ. ಆಂಡ್ರಾಯ್ಡ್ 10 ಇದ್ದ ಕೆಲವು ಫೋನ್‌ಗಳಲ್ಲಿ ಅದನ್ನ ವಾಲ್‌ಪೇಪರ್ ಮಾಡಿದರೆ ಫೋನ್ ಸತ್ತು ಸತ್ತು ಎದ್ದು ಬರುತ್ತಿತ್ತು, ಪರದೆ ಆನ್ ಆಗುತ್ತದೆ, ಆಫ್ ಆಗುತ್ತದೆ, ಮತ್ತೆ ಆನ್. ಕಾರಣ ಫೋಟೊದ ಬಣ್ಣದ ಲೆಕ್ಕ. ಬೆಳಕಿನ ಅಳತೆ 0ರಿಂದ 255ರೊಳಗೆ ಇರಬೇಕು, ಈ ಫೋಟೊದ ಒಂದು ಚುಕ್ಕೆಯ ಲೆಕ್ಕ 255 ದಾಟುತ್ತಿತ್ತು. ಆ ಮೇಲಿನ ಸಂಖ್ಯೆಗೆ ಫೋನಿನಲ್ಲಿ ಜಾಗವೇ ಇಲ್ಲ. ಫೋಟೊ ತೆಗೆದವರಿಗೆ ಪಾಪ ಏನೂ ಗೊತ್ತಿರಲಿಲ್ಲ.

ಅದಕ್ಕೂ ಮುಂಚೆ, 2018ರ ಫೆಬ್ರುವರಿಯಲ್ಲಿ, ತೆಲುಗು ಲಿಪಿಯ ಒಂದೇ ಒಂದು ಅಕ್ಷರ ಐಫೋನ್‌ಗಳನ್ನು ಬೀಳಿಸುತ್ತಿತ್ತು. ಮೆಸೇಜಿನಲ್ಲಿ ಅದು ಬಂದರೆ ಆ್ಯಪ್ ತೆರೆಯುತ್ತಲೇ ಇರಲಿಲ್ಲ. ಯಾವ ಅಕ್ಷರ ಗೊತ್ತಾ? ಜ್ಞಾನದ ‘ಜ್ಞಾ’. ಒತ್ತಕ್ಷರ ಜೋಡಿಸುವಾಗ ಫೋನ್ ಎಡವುತ್ತಿತ್ತು, ಒಂದೆರಡು ವಾರದಲ್ಲಿ ಅಪ್‌ಡೇಟ್ ಕೊಟ್ಟರು.

ಇನ್ನು ಹಾಡು. ಜಾನೆಟ್ ಜಾಕ್ಸನ್ ಅವರ ‘ರಿದಮ್ ನೇಷನ್’ ವೀಡಿಯೊ ಹಾಕಿದರೆ ಕೆಲವು ಹಳೇ ಲ್ಯಾಪ್‌ಟಾಪ್‌ಗಳು ನಿಂತುಹೋಗುತ್ತಿದ್ದವು ಅಂತ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2022ರಲ್ಲಿ ಬರೆದರು. ಇನ್ನೂ ಮಜಾ ಅಂದ್ರೆ ಒಂದು ಲ್ಯಾಪ್‌ಟಾಪ್‌ನಲ್ಲಿ ಹಾಡು ಹಾಕಿದರೆ ಪಕ್ಕದಲ್ಲಿ ಸುಮ್ನೆ ಇಟ್ಟಿದ್ದ ಇನ್ನೊಂದು ಲ್ಯಾಪ್‌ಟಾಪ್ ಕೂಡ ಬೀಳುತ್ತಿತ್ತು. ದೆವ್ವ ಅನ್ನೋಕೆ ಇದಕ್ಕಿಂತ ಏನು ಬೇಕು? ಹಾಡಿನ ಒಂದು ಸ್ವರ, ಆ ಲ್ಯಾಪ್‌ಟಾಪ್‌ಗಳ ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ತಾನಾಗೇ ನಡುಗುವ ಕಂಪನಕ್ಕೆ ಸರಿಯಾಗಿ ಹೊಂದುತ್ತಿತ್ತು. ರಸ್ತೆಯಲ್ಲಿ ಲಾರಿ ಹೋದಾಗ ಅಲಮಾರಿಯ ಒಂದೇ ಒಂದು ಲೋಟ ಝಣಝಣ ಅನ್ನುತ್ತದಲ್ಲ, ಹಾಗೆ. ಕಂಪನಿಯವರು ಆ ಸ್ವರವನ್ನೇ ಸೋಸಿ ತೆಗೆಯುವ ಫಿಲ್ಟರ್ ಹಾಕಿ ಸರಿಮಾಡಿದರು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇದ್ದರೆ ಚಿಂತೆ ಇಲ್ಲ, ಒಳಗೆ ತಿರುಗುವ ಭಾಗವೇ ಇಲ್ಲ.

42 ಡಾಟ್ ಜಿಪ್ ಅಂತಲೂ ಒಂದಿದೆ. ಬರೀ 42 ಕೆಬಿ ಫೈಲ್, ಪದರ ಪದರ ಬಿಚ್ಚುತ್ತಾ ಹೋದರೆ ನಾಲ್ಕೂವರೆ ಪೆಟಾಬೈಟ್, ಅಂದ್ರೆ ಸುಮಾರು 45 ಲಕ್ಷ ಜಿಬಿ. ಇದನ್ನ ಅಂಗಡಿ ಕಂಪ್ಯೂಟರ್‌ನಲ್ಲಿ ಟ್ರೈ ಮಾಡಬೇಡಿ ಅಂತ ಗೋಡೆಗೆ ಬೋರ್ಡ್ ಹಾಕಿದ್ದೇನೆ, ಯಾಕೆ ಅಂತ ಕೇಳಬೇಡಿ.

ಕಂಪ್ಯೂಟರ್‌ನಲ್ಲಿ ಕರಡಿ ಮರಿ ಚಿತ್ರದ ಫೈಲ್ ಇದ್ದರೆ ಅಳಿಸಬೇಕಂತೆ?

ಅಬ್ಬಾ, ಇನ್ನೂ ಈ ಮೆಸೇಜ್ ಓಡಾಡ್ತಿದೆಯಾ! 2002ರದು. ‘ಕರಡಿ ಚಿತ್ರದ ಫೈಲ್ ಕಂಡರೆ ಅದು ವೈರಸ್, ಆ್ಯಂಟಿವೈರಸ್‌ಗೂ ಸಿಗಲ್ಲ, ತಕ್ಷಣ ಅಳಿಸಿ, ಎಲ್ಲರಿಗೂ ತಿಳಿಸಿ’ ಅಂತ. ಅದು ವಿಂಡೋಸ್‌ನದೇ ಫೈಲ್, ಎಲ್ಲರ ಕಂಪ್ಯೂಟರ್‌ನಲ್ಲೂ ಇತ್ತು. ಹುಡುಕಿದವರಿಗೆಲ್ಲ ಸಿಕ್ಕಿತು, ಸಿಕ್ಕಿತಲ್ಲ ಅಂತಲೇ ನಂಬಿದರು, ಅವರೇ ಕೈಯಾರೆ ಅಳಿಸಿದರು. ವೈರಸ್ ಬರೆಯುವ ಶ್ರಮವೂ ಇಲ್ಲ ನೋಡಿ.

ಹತ್ತು ಜನಕ್ಕೆ ಕಳಿಸದಿದ್ದರೆ ಕೇಡಾಗುತ್ತಾ?

ಇದಕ್ಕೆ ಇಂಟರ್ನೆಟ್ ಬೇಕಾಗಿಯೇ ಇರಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಅಂಚೆ ಕಾರ್ಡ್ ಬರುತ್ತಿತ್ತು, ದೇವರ ಹೆಸರಲ್ಲಿ ಇಷ್ಟು ಜನಕ್ಕೆ ಬರೆದು ಹಾಕು, ಇಲ್ಲದಿದ್ದರೆ ನಷ್ಟ ಅಂತ. ಅಪ್ಪ ಒಂದೂ ಬರೆಯಲಿಲ್ಲ. ಅವ್ವ ಅವರಿಗೆ ಗೊತ್ತಾಗದ ಹಾಗೆ ನನ್ನ ಕೈಲಿ ಐದು ಬರೆಸಿದಳು. 1990ರ ದಶಕದಲ್ಲಿ ದೆವ್ವ ಬಂದು ಬಾಗಿಲು ಬಡಿಯುತ್ತದೆ ಅಂತ ಮನೆ ಮುಂದೆ ‘ನಾಳೆ ಬಾ’ ಅಂತ ಬರೆದದ್ದು ನಿಮಗೂ ನೆನಪಿರಬಹುದು. ಬಾಗಿಲಿಗೆ ಆ್ಯಂಟಿವೈರಸ್ ಹಾಕಿದ ಹಾಗೆ. ಸೀಮೆಸುಣ್ಣದ ಖರ್ಚು ಬಿಟ್ಟರೆ ಫ್ರೀ, ವರ್ಷಕ್ಕೊಮ್ಮೆ ರಿನೀವಲ್ ಇಲ್ಲ.

ಮಕ್ಕಳನ್ನ ಆತ್ಮಹತ್ಯೆಗೆ ತಳ್ಳುತ್ತವಂತಲ್ಲ, ಬ್ಲೂ ವೇಲ್ ಆ್ಯಪ್, ಮೊಮೊ ವೀಡಿಯೊ?

ಬ್ಲೂ ವೇಲ್ ಅಂತ ಡೌನ್‌ಲೋಡ್ ಮಾಡುವ ಗೇಮ್ ಇರಲೇ ಇಲ್ಲ. 2017ರಲ್ಲಿ ದೇಶವೇ ಗಾಬರಿಯಾಗಿ ಲಿಂಕ್ ತೆಗೆಯಿರಿ ಅಂತ ಕೇಂದ್ರ ಸರಕಾರ ಕಂಪನಿಗಳಿಗೆ ಬರೆಯಿತು. ಆತ್ಮಹತ್ಯೆಗಳಿಗೂ ಆ ಆಟಕ್ಕೂ ನಂಟು ಸಾಬೀತಾಗಿಲ್ಲ ಅಂತ ಮುಂದಿನ ವರ್ಷ ಅದೇ ಸರಕಾರ ಸಂಸತ್ತಿನಲ್ಲಿ ಹೇಳಿತು. ಎರಡನೇ ಸುದ್ದಿ ಯಾರಿಗೂ ತಲುಪಲಿಲ್ಲ. ಮೊಮೊ ಅಂದ್ರೆ ಜಪಾನಿನ ಕಲಾವಿದ ಮಾಡಿದ ಗೊಂಬೆ, 2016ರಲ್ಲಿ ಟೋಕಿಯೊದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಕೊಳೆತುಹೋಯಿತು ಅಂತ ಅವರೇ ಆಮೇಲೆ ಎಸೆದರು.

ಆದರೆ ಮಗು ‘ನನಗೆ ಬದುಕೋದು ಬೇಡ’ ಅಂತ ಹೇಳಿದರೆ ಆ್ಯಪ್ ಹುಡುಕುತ್ತಾ ಕೂರಬೇಡಿ. ಮಗುವಿನ ಹತ್ರ ಕೂತು ಮಾತಾಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರಕಾರದ್ದೇ ಸಹಾಯವಾಣಿ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ.

ಇಂಥ ಕಥೆಯಿಂದ ಯಾರಿಗೂ ಏನೂ ಆಗಿಲ್ಲವೇ?

ಆಗಿದೆ. 2009ರ ಜೂನ್ 10ರಂದು ಎರಿಕ್ ನುಡ್ಸನ್ ಅನ್ನುವವರು ಎರಡು ಫೋಟೊ ತಿದ್ದಿ ಮುಖವಿಲ್ಲದ ಒಬ್ಬ ಉದ್ದ ಮನುಷ್ಯನನ್ನು ಸೇರಿಸಿದರು. ಸ್ಲೆಂಡರ್ ಮ್ಯಾನ್ ಹುಟ್ಟಿದ್ದು ಹಾಗೆ, ಫೋಟೊ ತಿದ್ದುವ ಸ್ಪರ್ಧೆಗೆ. ಐದು ವರ್ಷದ ನಂತರ ಅಮೆರಿಕದಲ್ಲಿ ಹನ್ನೆರಡು ವರ್ಷದ ಇಬ್ಬರು ಹುಡುಗಿಯರು ಅವನನ್ನ ಮೆಚ್ಚಿಸೋಕೆ ಅಂತ ತಮ್ಮ ಗೆಳತಿಗೇ 19 ಸಲ ಇರಿದರು. ಆ ಹುಡುಗಿ ಬದುಕಿದಳು.

ನಮ್ಮಲ್ಲಿ ನಡೆದದ್ದು ಇನ್ನೂ ದೊಡ್ಡದು, ಅದನ್ನ ಯಾರೂ ಶಾಪದ ಫೈಲ್ ಅಂತ ಕರೆಯಲ್ಲ. 2018ರಲ್ಲಿ ಬೈಕಿನಲ್ಲಿ ಇಬ್ಬರು ಬಂದು ಬೀದಿಯಲ್ಲಿ ಆಡುವ ಮಗುವನ್ನ ಎತ್ತಿಕೊಂಡು ಹೋಗುವ ವೀಡಿಯೊ ಎಲ್ಲರ ಫೋನಿಗೂ ಬಂತು. ನಿಮಗೂ ಬಂದಿರುತ್ತದೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನ ವಾಪಸ್ ತಂದು ಬಿಟ್ಟು, ಎಚ್ಚರ ಅಂತ ಬೋರ್ಡ್ ತೋರಿಸುತ್ತಾರೆ. ಆ ಕೊನೇ ಭಾಗವನ್ನ ಯಾರೋ ಕತ್ತರಿಸಿ ಬಿಟ್ಟರು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ಇಂಥ ಮೆಸೇಜ್‌ಗಳನ್ನ ನಂಬಿ ಹಲವು ರಾಜ್ಯಗಳಲ್ಲಿ ಜನ ಅಪರಿಚಿತರನ್ನ ಹೊಡೆದು ಕೊಂದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವಷ್ಟಕ್ಕೇ ಕಾರಿನಲ್ಲಿದ್ದವರ ಮೇಲೆ ಬಿದ್ದರು, ಒಬ್ಬ ಎಂಜಿನಿಯರ್ ಜೀವ ಹೋಯಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು.

ಆ ವೀಡಿಯೊ ನಮ್ಮ ಓಣಿಯ ಗುಂಪಿಗೆ ಹಾಕಿದವ ನಾನೇ. ಒಳ್ಳೇದಕ್ಕೆ ಅಂತಲೇ ಹಾಕಿದ್ದೆ. ಎರಡು ದಿನದ ಮೇಲೆ ಅಳಿಸಿದೆ, ಅಷ್ಟರಲ್ಲಿ ಎಲ್ಲೆಲ್ಲಿ ಹೋಗಿತ್ತೋ.

ಸರಿ, ಯಾವ ಫೈಲ್ ತೆರೆಯಬಾರದು ಅಂತ ಹೇಳಿಬಿಡಿ.

ಈಗಂತೂ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್. ಹೆಸರು ಮಾತ್ರ ಬಹಳ ಮುದ್ದಾಗಿರುತ್ತದೆ, ‘ಮದುವೆ ಆಮಂತ್ರಣ’, ‘ಟ್ರಾಫಿಕ್ ಚಲನ್’, ‘ಪಿಎಂ ಕಿಸಾನ್’. ಪತ್ರಿಕೆ ಅಂದ್ರೆ ಫೋಟೊ ಅಥವಾ ಪಿಡಿಎಫ್ ಇರಬೇಕು. ಎಪಿಕೆ ಅಂದ್ರೆ ಆ್ಯಪ್. ಹಾಕಿಕೊಂಡರೆ ನಿಮ್ಮ ಮೆಸೇಜ್ ಓದುತ್ತದೆ, ಓಟಿಪಿ ಕದಿಯುತ್ತದೆ, ನಿಮ್ಮ ಹೆಸರಲ್ಲೇ ನಿಮ್ಮ ಬೀಗರಿಗೂ ಹೋಗುತ್ತದೆ. ಪೆನ್ ಡ್ರೈವ್ ಕಾಲದ ‘ನ್ಯೂ ಫೋಲ್ಡರ್ ಡಾಟ್ ಇಎಕ್ಸ್‌ಇ’ ಇದರ ಅಣ್ಣ. ಫೋಲ್ಡರ್ ಚಿತ್ರ ಹಾಕಿಕೊಂಡು ಕೂತಿರುತ್ತಿತ್ತು, ಎರಡು ಸಲ ಒತ್ತಿದರೆ ಮುಗೀತು. 2000ದ ಮೇ ತಿಂಗಳಲ್ಲಿ ಲೋಕವನ್ನೇ ಕುಣಿಸಿದ ‘ಐ ಲವ್ ಯೂ’ ವೈರಸ್ ಬಂದದ್ದೂ ಪ್ರೇಮಪತ್ರದ ವೇಷದಲ್ಲೇ.

ಇಂಡಿ ಕಡೆಯ ಒಬ್ಬ ಕಾಕಾ ಬಂದಿದ್ದರು. ನಿಂಬೆಹಣ್ಣು ಮಾರಿದ ದುಡ್ಡು ಖಾತೆಯಿಂದ ಹೋಗಿತ್ತು. "ಯಾರ ಮದವಿ ಅಂತ ನೋಡೂಣು ಅಂತ ಒತ್ತಿದ್ನೋ ತಮ್ಮಾ" ಅಂದರು. ಹೀಗಾದರೆ ಮೊದಲು ಆ ಫೋನಿನ ಡೇಟಾ, ವೈಫೈ ಎರಡೂ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ದುಡ್ಡು ದೂರ ಹೋಗುತ್ತದೆ. ನನ್ನ ಅಂಗಡಿಗೆ ಆಮೇಲೆ ಬನ್ನಿ.

ಕಂಪ್ಯೂಟರ್‌ನಲ್ಲಿ ಫೈಲ್ ಹೆಸರಿನ ಬಾಲ (‘ಡಾಟ್ ಜೆಪಿಜಿ’, ‘ಡಾಟ್ ಇಎಕ್ಸ್‌ಇ’ ಥರದ್ದು) ಕಾಣುವ ಹಾಗೆ ಸೆಟ್ಟಿಂಗ್ ಮಾಡಿಸಿಕೊಳ್ಳಿ. ಬರೀ ಇದಕ್ಕಾದರೆ ದುಡ್ಡು ತಗೊಳ್ಳಲ್ಲ.

ಮಗ ಈ ಕಥೆ ಓದಿ ಲೈಟ್ ಹಾಕ್ಕೊಂಡೇ ಮಲಗ್ತಾನೆ. ಫೋನ್ ಕಸಿದುಕೊಳ್ಳಲಾ?

ಲೈಟ್ ಇರಲಿ ಬಿಡಿ. ಹೆದರಿಕೆಯ ಕಥೆ ಕೇಳೋದು, ಆಮೇಲೆ ಬಚ್ಚಲಿಗೆ ಒಬ್ಬನೇ ಹೋಗೋಕೆ ಅಳೋದು, ನಾವೂ ಮಾಡಿದ್ದೇವೆ. ಆ ಫೈಲನ್ನ ಹಗಲು ಹೊತ್ತು ಅವನ ಜೊತೆ ಕೂತು ತೆರೆಯಿರಿ. ಯಾರು ಬರೆದರು, ಯಾವ ವರ್ಷ ಅಂತ ಇಬ್ಬರೂ ಸೇರಿ ಹುಡುಕಿ. ಹೆದರಿಕೆ ಅರ್ಧ ಇಳಿಯುತ್ತದೆ, ಉಳಿದರ್ಧ ಅವನಿಗೆ ಬೇಕಾಗಿಯೇ ಇದೆ.

ನಿಮಗೆ ಯಾವತ್ತೂ ಹೆದರಿಕೆ ಆಗಿಲ್ವಾ?

ಒಂದು ಸಲ. 2009 ಇರಬೇಕು, ರಾತ್ರಿ ಒಂಬತ್ತೂವರೆ, ಹೊರಗೆ ಜೋರು ಮಳೆ. ನಾಲ್ಕನೇ ಕ್ಯಾಬಿನ್‌ನಲ್ಲಿ ಯಾರೂ ಇಲ್ಲ, ಕಂಪ್ಯೂಟರ್‌ನ ಸಿಡಿ ಟ್ರೇ ತಾನೇ ಹೊರಗೆ ಬಂತು. ತಳ್ಳಿದೆ. ಮತ್ತೆ ಬಂತು. ಮೂರನೇ ಸಲ ಬಂದಾಗ ಪರದೆಯ ಮೇಲೆ ‘ಹಸಿವಾಗಿದೆ’ ಅಂತ ಇಂಗ್ಲಿಷಿನಲ್ಲಿ ಒಂದು ಡಬ್ಬಿ ಮೂಡಿತು. ನಾನು ಬೀಗದ ಕೈ ಹಿಡಿದುಕೊಂಡು ಬಾಗಿಲ ತನಕ ಹೋಗಿಬಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಎರಡನೇ ಕ್ಯಾಬಿನ್‌ನಿಂದ ಬಾಯಿ ಮುಚ್ಚಿಕೊಂಡು ನಗುವ ಸದ್ದು ಬಂತು. ಕಾಲೇಜಿನ ಇಬ್ಬರು ಹುಡುಗರು ಹಿಂದಿನ ದಿನವೇ ನಾಲ್ಕರಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಹಾಕಿಟ್ಟು, ಕೆಫೆಯ ಕೇಬಲ್‌ನಲ್ಲೇ ಇಲ್ಲಿಂದ ಅದನ್ನ ಆಡಿಸುತ್ತಿದ್ದರು. ಒಬ್ಬ ಹಿಂದಿನ ಬಾಗಿಲಿಂದ ಮಳೆಯಲ್ಲೇ ಓಡಿದ. ಸಿಕ್ಕಿಬಿದ್ದ ಇನ್ನೊಬ್ಬ ಈಗ ನನ್ನ ಅಂಗಡಿಯಲ್ಲೇ ಕೆಲಸ ಮಾಡುತ್ತಾನೆ, ನನಗಿಂತ ಚೆನ್ನಾಗಿ ರಿಪೇರಿ ಮಾಡುತ್ತಾನೆ. ಅವತ್ತಿನ ಒಂದು ಗಂಟೆಯ ಇಪ್ಪತ್ತು ರೂಪಾಯಿ ಮಾತ್ರ ಇನ್ನೂ ಕೊಟ್ಟಿಲ್ಲ.